ಒಂದ್ನಿಮಿಷ ಭಾವ

ಅಕ್ಟೋಬರ್ ಬಂತೆಂದರೆ ಮೈಸೂರಿನವರಿಗೆ ಟ್ರಾಫಿಕ್ಕು, ನೆಂಟರು, ಜಂಬೂಸವಾರಿ ಪಾಸಿನ ಚಿಂತೆ. ನನಗೆ ಇವುಗಳ ಜೊತೆ ಇನ್ನೊಂದಿದೆ. ಅಮೆರಿಕದ ಮಿನೆಸೋಟದಲ್ಲಿರುವ ನನ್ನ ಭಾವಮೈದ ತನ್ನ ದೋಣಿಯನ್ನು ಚಳಿಗಾಲಕ್ಕೆ ಕಟ್ಟಿಡುವ ಕಾಲ ಅದು. ದೋಣಿ ಅವನದು. ಕಟ್ಟುವವನೂ ಅವನೇ. ವಿಡಿಯೋ ಕಾಲ್‌ನಲ್ಲಿ ಕೂತು ನೋಡಬೇಕಾದವನು ಮಾತ್ರ ಕುವೆಂಪುನಗರದ ನಾನು.

ನಿನ್ನೆಯೂ ಅದೇ ಆಯಿತು. ಅಲ್ಲಿ ಭಾನುವಾರ ಬೆಳಿಗ್ಗೆ ಒಂಬತ್ತು, ಇಲ್ಲಿ ಸಂಜೆ ಏಳೂವರೆ. ಅವನು ಕಾಫಿ ಕುಡಿದು ಹುರುಪಿನಲ್ಲಿದ್ದ. ನನ್ನ ಮುಂದೆ ಮುದ್ದೆ, ಉಪ್ಸಾರು. ಮುದ್ದೆಯನ್ನು ಬಿಸಿ ಇರುವಾಗಲೇ ನುಂಗಬೇಕು ಅಂತ ಅವನಿಗೆ ಗೊತ್ತಿಲ್ಲವೇ? ಮಂಡ್ಯದಲ್ಲೇ ಹುಟ್ಟಿ ಬೆಳೆದವನು.

ಕೆಲಸ ಸುಳ್ಳಲ್ಲ, ಒಪ್ಪುತ್ತೇನೆ. 10,000 ಕೆರೆಗಳ ನಾಡು ಅಂತ ಕಾರಿನ ನಂಬರ್ ಪ್ಲೇಟಿನಲ್ಲೇ ಬರೆದುಕೊಳ್ಳುವ ರಾಜ್ಯ ಅದು. ಚಳಿಗಾಲದಲ್ಲಿ ಆ ಕೆರೆಗಳೆಲ್ಲ ಗಡ್ಡೆ ಕಟ್ಟುತ್ತವೆ. ಹೆಪ್ಪುಗಟ್ಟಿದ ನೀರು ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಎಂಜಿನ್ನಿನೊಳಗೆ ನೀರು ಉಳಿದಿದ್ದರೆ ಆ ಹಿಗ್ಗಿಗೆ ಕಬ್ಬಿಣವೇ ಬಿರಿಯುತ್ತದೆ. ಅದಕ್ಕೇ ನೀರೆಲ್ಲ ಬಸಿದು, ಹೆಪ್ಪುಗಟ್ಟದ ದ್ರವ ತುಂಬುತ್ತಾರೆ. ನೋಡಲು ಜಾತ್ರೆಯ ಶರಬತ್ತಿನಂತೆ ಗುಲಾಬಿ ಬಣ್ಣ. ಪೆಟ್ರೋಲ್ ಕೆಡದಂತೆ ಟ್ಯಾಂಕಿಗೆ ಮದ್ದು ಹಾಕಿ, ಅದು ಎಂಜಿನ್ನಿಗೆ ಇಳಿಯುವವರೆಗೆ ಓಡಿಸಬೇಕು. ಗೇರ್ ಎಣ್ಣೆ ಬದಲಿಸಬೇಕು. ಹಳೇ ಎಣ್ಣೆ ಬೆಳ್ಳಗಾಗಿದ್ದರೆ ಒಳಗೆ ನೀರು ಹೋಗಿದೆ ಅಂತ ಲೆಕ್ಕ. ಬ್ಯಾಟರಿ ಬಿಚ್ಚಬೇಕು. ಆಮೇಲೆ ಇಡೀ ದೋಣಿಗೆ ಪ್ಲಾಸ್ಟಿಕ್ ಹೊದಿಸಿ, ಬಿಸಿ ತಾಗಿಸಿ ಬಿಗಿ ಮಾಡಬೇಕು.

ಮಾಡಲಿ, ಯಾರು ಬೇಡ ಅಂದರು? ನನ್ನ ತಕರಾರು ಅವನ 'ಒಂದ್ನಿಮಿಷ ಭಾವ' ಮೇಲೆ.

"ಈ ಬೋಲ್ಟ್ ನೋಡ್ತಾ ಇರಿ, ಒಂದ್ನಿಮಿಷ ಭಾವ" ಅನ್ನುತ್ತಾನೆ. ಬೋಲ್ಟ್ ಬಿಚ್ಚಲು ಎರಡು ಕೈ ಬೇಕಲ್ಲ? ಫೋನನ್ನು ಸೀಟಿನ ಮೇಲೆ ಅಂಗಾತ ಮಲಗಿಸುತ್ತಾನೆ. ಅಲ್ಲಿಗೆ ಬೋಲ್ಟೂ ಇಲ್ಲ, ಭಾವಮೈದನೂ ಇಲ್ಲ. ಬರೀ ಮಿನೆಸೋಟದ ಆಕಾಶ. ಬೂದು ಬಣ್ಣ, ಮೂಲೆಯಲ್ಲೊಂದು ತಂತಿ. ಟಣ್ ಅಂತ ಸ್ಪ್ಯಾನರ್ ಬಿತ್ತು. ಇಂಗ್ಲಿಷಿನಲ್ಲಿ ಒಂದು ಬೈಗುಳ ಕೇಳಿತು. ಹಿಂದೆಯೇ ಕನ್ನಡದಲ್ಲೊಂದು, ಅದು ಅಪ್ಪಟ ಮಂಡ್ಯದ್ದು. ಹೆಬ್ಬಾತುಗಳ ಸಾಲು ದಕ್ಷಿಣಕ್ಕೆ ಹೋಯಿತು. ಅವಕ್ಕಾದರೂ ಎದ್ದು ಹೋಗಲು ಬಿಡುವಿದೆ. ನಾನು ಕಾಲ್ ಕಟ್ ಮಾಡೋಣವೆಂದರೆ ಪಕ್ಕದಲ್ಲೇ ಅವನ ಅಕ್ಕ ಕೂತಿದ್ದಾಳೆ.

"ಕಾಣ್ತಿದೆಯಾ ಭಾವ?" ದೂರದಿಂದ ಕೂಗು.

"ಚೆನ್ನಾಗಿ ಕಾಣ್ತಿದೆಯಪ್ಪಾ."

"ಇಷ್ಟು ಬಿಗಿ ಸಾಕಾ?"

ಮೋಡ ನೋಡಿಕೊಂಡು ಏನು ಹೇಳುವುದು? "ಇನ್ನೊಂದು ಸುತ್ತು ತಿರುಗಿಸು" ಅಂದೆ. "ಥ್ಯಾಂಕ್ಸ್ ಭಾವ" ಅಂದ. ಹೆಂಡತಿಗೆ ಹೆಮ್ಮೆಯೋ ಹೆಮ್ಮೆ. "ನೋಡಿ, ನಿಮ್ಮನ್ನ ಕೇಳದೆ ಒಂದು ಬೋಲ್ಟೂ ತಿರುಗಿಸಲ್ಲ ಅವನು!"

ಶ್ರೀರಂಗಪಟ್ಟಣದ ಕಡೆ ಹರಿಗೋಲಿನವರನ್ನು ನೋಡಿ ಕಲಿಯಬಾರದೇ? ಬಿದಿರು ಹೆಣೆದು, ಶೀಟು ಹೊದಿಸಿ, ಟಾರು ಬಳಿದರೆ ಹರಿಗೋಲು ತಯಾರು. ಕೆಆರ್‌ಎಸ್‌ನಿಂದ ನೀರು ಬಿಟ್ಟು ಹೊಳೆ ಏರಿತೆಂದರೆ ದಡಕ್ಕೆ ಹೊತ್ತು ತಂದು ಬೋರಲು ಹಾಕುತ್ತಾರೆ. ಮುಗೀತು. ಯಾವ ಭಾವನಿಗೂ ಫೋನಿಲ್ಲ.

ಮದುವೆಯಾದ ಹೊಸದರಲ್ಲಿ ಇದೇ ಹುಡುಗನನ್ನು ಸಂಗಮದಲ್ಲಿ ಹರಿಗೋಲು ಹತ್ತಿಸಿದ್ದೆ. ಆಗಿನ್ನೂ ಚಡ್ಡಿ ಹಾಕುವ ವಯಸ್ಸು. ಅಂಬಿಗ ಗಿರಗಿರ ತಿರುಗಿಸಿದಾಗ ನನ್ನ ತೋಳು ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದ. ಇಳಿದ ಮೇಲೆ "ಇನ್ನೊಂದ್ಸಲ ಹೋಗೋಣ ಭಾವ" ಅಂತ ರಚ್ಚೆ ಹಿಡಿದಿದ್ದ. ಈಗ ಅಷ್ಟು ದೊಡ್ಡ ದೋಣಿಯ ಪಕ್ಕ ಸ್ಪ್ಯಾನರ್ ಎತ್ತಿಕೊಡಲೂ ಒಬ್ಬರಿಲ್ಲ. ಇದೆಲ್ಲ ನೆನಪಾಗಿ ಒಂದು ಗಳಿಗೆ ಸಿಟ್ಟು ಇಳಿದಿದ್ದು ನಿಜ.

ಅಷ್ಟರಲ್ಲಿ ಆಕಾಶ ಅಲ್ಲಾಡಿತು. ಫೋನು ಕೈಗೆತ್ತಿಕೊಂಡು ಅಂಗೈ ತೋರಿಸಿದ. ಅದರಲ್ಲಿ ಒಂದು ಬೋಲ್ಟ್ ಉಳಿದಿತ್ತು.

"ಇದು ಎಲ್ಲಿಂದ ಬಿಚ್ಚಿದ್ದು ಭಾವ? ನೀವು ನೋಡ್ತಾ ಇದ್ರಲ್ಲ?"

ಅವನ ಅಕ್ಕನೂ ಉತ್ತರಕ್ಕಾಗಿ ನನ್ನ ಕಡೆ ತಿರುಗಿದಳು.