ಬಲಕ್ಕೆ ಒತ್ತಿದರೆ ನೆಲಕ್ಕೆ ಗುಂಡು

ಆನ್‌ಲೈನಲ್ಲಿ ತರಿಸಿದ ಗೇಮ್ ಪ್ಯಾಡ್ ಫೋಟೋದಲ್ಲಿ ಚೆನ್ನಾಗಿಯೇ ಇತ್ತು. ಬೂದು ಬಣ್ಣ, ಎಡಗಡೆ ದಿಕ್ಕು ತೋರಿಸುವ ಪ್ಲಸ್ ಆಕಾರದ ಬಟನ್, ಬಲಗಡೆ ನಾಲ್ಕು ಬಣ್ಣದ ಬಟನ್‌ಗಳು, ಉದ್ದಕ್ಕೆ ಯುಎಸ್‌ಬಿ ವೈರು. ಜಪಾನಿನ ನಿಂಟೆಂಡೊ ಕಂಪನಿಯ 1990ರ ಟೀವಿ ಗೇಮ್ ಸೂಪರ್ ಫ್ಯಾಮಿಕಾಮ್ ಪ್ಯಾಡ್‌ನ ಪಡಿಯಚ್ಚು. ಬೆಲೆ ಮುನ್ನೂರು ಚಿಲ್ಲರೆ. ನಿನ್ನೆ ಅರ್ಧ ಒದ್ದೆಯಾದ ಪೆಟ್ಟಿಗೆಯಲ್ಲಿ ವಿನೋಬನಗರದ ನಮ್ಮ ಮನೆಗೆ ಬಂತು. ಲ್ಯಾಪ್‌ಟಾಪಿಗೆ ಸಿಕ್ಕಿಸಿ ಗುಂಡು ಹೊಡೆಯುವ ಹಳೇ ಆಟ ಕಾಂಟ್ರಾ ಹಾಕಿದೆ. ಬಲಕ್ಕೆ ಒತ್ತಿದರೆ ನಮ್ಮ ಸೈನಿಕ ಬಲಕ್ಕೇ ಓಡುತ್ತಾನೆ, ಸರಿ. ಗುಂಡು ಮಾತ್ರ ನೆಲಕ್ಕೆ ಹೊಡೆಯುತ್ತಾನೆ. ಎದುರಿನಿಂದ ಬರುವ ಶತ್ರು ಆರಾಮಾಗಿ ಬಂದು ಡಿಕ್ಕಿ ಹೊಡೆಯುತ್ತಾನೆ. ಇವನು ಪಲ್ಟಿ ಹೊಡೆದು ಸಾಯುತ್ತಾನೆ.

ಕಾರಣ ಸಣ್ಣದು. ಬಲಕ್ಕೆ ಒತ್ತಿದಾಗ ಈ ಪ್ಯಾಡು ಬಲ ಮತ್ತು ಕೆಳಗೆ, ಎರಡನ್ನೂ ಒತ್ತಿದಂತೆ ಕಂಪ್ಯೂಟರಿಗೆ ಹೇಳುತ್ತದೆ. ಆ ಎರಡನ್ನೂ ಒಟ್ಟಿಗೆ ಒತ್ತಿದರೆ ಕಾಂಟ್ರಾದಲ್ಲಿ ಓರೆಯಾಗಿ ಕೆಳಕ್ಕೆ ಗುಂಡು ಹೋಗಬೇಕು, ಹೋಗುತ್ತದೆ. ಆಟದ ತಪ್ಪೇನೂ ಇಲ್ಲ.

ಪ್ಲಸ್ ಬಟನ್ ಅಂದರೆ ಸುಮ್ನೆ ಅಲ್ಲ ಕಣ್ರೀ. ನಿಂಟೆಂಡೊದ ಗುನ್‌ಪೇ ಯೊಕೊಯಿ ಅದನ್ನು ಮಾಡಿದ್ದು 1982ರಲ್ಲಿ, ಕೈಯಲ್ಲಿ ಹಿಡಿದು ಆಡುವ ಡಾಂಕಿ ಕಾಂಗ್‌ಗೆ. ಒಳ್ಳೆಯ ಪ್ಯಾಡ್‌ನಲ್ಲಿ ಪ್ಲಸ್‌ನ ನಡುಮಧ್ಯೆ, ಅಡಿಯಲ್ಲಿ ಒಂದು ಸಣ್ಣ ಮೊಳೆ ಇರುತ್ತದೆ. ಒಂದು ಬದಿ ಒತ್ತಿದರೆ ಇನ್ನೊಂದು ಬದಿ ಏಳುತ್ತದೆ. ಕೆಳಗಿನ ರಬ್ಬರಿಗೆ ಅಂಟಿದ ಕಾರ್ಬನ್ ಚುಕ್ಕೆ ಒಂದೇ ಕಡೆ ತಾಗುತ್ತದೆ. ನನಗೆ ಬಂದಿದ್ದರಲ್ಲಿ ಆ ಮೊಳೆ ಗಿಡ್ಡ. ಒತ್ತಿದರೆ ಹಳೇ ಸೋಫಾ ಮೇಲೆ ದಪ್ಪ ನೆಂಟರು ಕೂತ ಹಾಗೆ ಇಡೀ ಪ್ಲಸ್ ಒಟ್ಟಿಗೇ ಕುಸಿಯುತ್ತದೆ.

ಆ ಮೊಳೆಯ ಬಗ್ಗೆ ಮಾರುವವರು ಒಂದಕ್ಷರ ಬರೆಯುವುದಿಲ್ಲ. ಬಣ್ಣ ಬರೆಯುತ್ತಾರೆ, ವೈರಿನ ಉದ್ದ ಬರೆಯುತ್ತಾರೆ, 'ಬಾಲ್ಯದ ನೆನಪು' ಅಂತ ಬರೆಯುತ್ತಾರೆ. ಒಂದೇ ಫೋಟೋ, ಹತ್ತಾರು ಹೆಸರು, ಹತ್ತಾರು ಬೆಲೆ. ರಿವ್ಯೂ ಓದೋಣ ಅಂದರೆ ಒಬ್ಬರು 'ಪ್ಯಾಕಿಂಗ್ ಸೂಪರ್' ಅಂತ ಐದು ಸ್ಟಾರ್ ಕೊಟ್ಟಿದ್ದಾರೆ. ಇನ್ನೊಬ್ಬರು 'ಇನ್ನೂ ಓಪನ್ ಮಾಡಿಲ್ಲ' ಅಂತ ಐದು ಸ್ಟಾರ್. ಓಪನ್ ಮಾಡದವರಿಗೆ ಸ್ಟಾರ್ ಕೊಡುವ ಅವಸರ ಏನಿತ್ತೋ!

ಇಷ್ಟಕ್ಕೇ ಮುಗಿದಿದ್ದರೆ ವಾಪಸ್ ಕಳಿಸಿ ಸುಮ್ಮನಾಗುತ್ತಿದ್ದೆ. ಆದರೆ ಮನೆಯಲ್ಲಿ ಭಾವ ಇದ್ದರು.

ಭಾವ ಅಂದರೆ ಸೋದರಮಾವನ ಮಗ. ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಮೈಲುತುತ್ತ ಒಯ್ಯೋಕೆ ಅಂತ ಶಿವಮೊಗ್ಗಕ್ಕೆ ಬಂದವರು, ಮಳೆ ಬಿಡಲಿಲ್ಲ ಅಂತ ಉಳಿದಿದ್ದರು. ಮಳೆಯಲ್ಲಿ ಔಷಧಿ ಹೊಡೆದೂ ಪ್ರಯೋಜನ ಇಲ್ಲ, ಊರಿಗೆ ಹೋಗಿ ಏನು ಮಾಡಲಿ ಅನ್ನುವುದು ಅವರ ವಾದ. ಪ್ಯಾಡ್ ನೋಡಿದ್ದೇ ಕಣ್ಣರಳಿತು.

"ಕೊಡು ಇಲ್ಲಿ ರಿಮೋಟು. ನಿಂಗೆ ಒತ್ತೋಕೆ ಬರಲ್ಲ ಮಾರಾಯ."

"ಭಾವ, ಅದು ಪ್ಯಾಡೇ ಸರಿ ಇಲ್ಲ."

"ಮೂವತ್ತು ಲೈಫ್ ಹಾಕ್ತೀನಿ ತಡಿ. ಆಮೇಲೆ ಪ್ಯಾಡ್ ಹ್ಯಾಗಿದ್ರೇನು?"

ಕಾಂಟ್ರಾ ಆಡಿದವರಿಗೆಲ್ಲ ಗೊತ್ತು. ಶುರುವಿನಲ್ಲಿ ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಒತ್ತಿ ಸ್ಟಾರ್ಟ್ ಕೊಟ್ಟರೆ ಮೂರರ ಬದಲು ಮೂವತ್ತು ಜೀವ. ಕಾಂಟ್ರಾ ಮಾಡಿದ ಕೊನಾಮಿ ಕಂಪನಿಯ ಕಝುಹಿಸಾ ಹಶಿಮೊಟೊ 1986ರಲ್ಲಿ ಗ್ರೇಡಿಯಸ್ ಆಟಕ್ಕೆ ಈ ಕೋಡ್ ಹಾಕಿದ್ದು ತನಗೇ ಆ ಆಟ ಕಷ್ಟವಾಗುತ್ತಿತ್ತು ಅಂತ. ಈಗ ಕಷ್ಟ ಏನಪ್ಪಾ ಅಂದರೆ ಆ ಕೋಡಿನಲ್ಲಿ 'ಬಲ' ಇದೆ. ನಮ್ಮ ಪ್ಯಾಡಿನಲ್ಲಿ ಬರೀ ಬಲ ಇಲ್ಲ.

ಭಾವ ಕೋಡನ್ನು ಗಟ್ಟಿಯಾಗಿ ಹೇಳುತ್ತಲೇ ಒತ್ತುತ್ತಾರೆ. ಚಿಕ್ಕಂದಿನಿಂದಲೂ ಹಾಗೇ. "ಮೇಲೆ, ಮೇಲೆ, ಕೆಳಗೆ, ಕೆಳಗೆ..." ಮೂರು ಜೀವ ಬಂತು. ಸ್ವಲ್ಪ ಜೋರಾಗಿ ಹೇಳಿದರು. ಮೂರೇ. ಕನ್ನಡಕ ತೆಗೆದಿಟ್ಟು ಹೇಳಿದರು. ಮೂರೇ. ಅಡುಗೆಮನೆಯಿಂದ ಅಮ್ಮ ಬಂದು, "ಕೆಳಗೆ ಕೆಳಗೆ ಅಂತ ಏನೋ ಹುಡುಕ್ತಿದ್ದೀರಲ್ಲ, ಏನು ಬಿತ್ತು?" ಅಂತ ಮೇಜಿನಡಿ ಬಗ್ಗಿ ನೋಡಿದರು. ಭಾವ ಪ್ಯಾಡ್ ತಲೆಕೆಳಗು ಹಿಡಿದು, ಎಡವನ್ನು ಬಲ ಮಾಡಿ, ಕೋಡನ್ನು ಉಲ್ಟಾ ಲೆಕ್ಕ ಹಾಕಿ ಒತ್ತತೊಡಗಿದರು. ಪ್ಯಾಡ್ ತಿರುಗಿಸಿದರೂ ಅದರೊಳಗಿನ ಬಲ ಅಲ್ಲೇ ಇರುತ್ತೆ ಅಂತ ಹೇಳಿದೆ. "ನೀ ಸುಮ್ನಿರು, ಲೆಕ್ಕ ತಪ್ಪುತ್ತೆ" ಅಂದರು. ಒಂಬತ್ತಕ್ಕೆ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ನಡೆಯುತ್ತಿತ್ತಲ್ಲ, ಭಾವನ ಒತ್ತಾಟವೂ ನಡೆದೇ ಇತ್ತು.

ಅಜ್ಜನ ಮನೆಯಲ್ಲಿ ಕರೆಂಟ್ ಹೋದರೆ ಆಟವೂ ಹೋಗುತ್ತಿತ್ತು. ಬೇಸಿಗೆ ರಜೆಯಲ್ಲಿ ಟೀವಿ ಮುಂದೆ ಮಕ್ಕಳ ಸಾಲು. 9999 ಆಟ ಇದೆ ಅಂತ ಬರೆದ ಕ್ಯಾಸೆಟ್, ಆಡಿ ನೋಡಿದರೆ ಅವವೇ ಹೆಸರು ಬದಲಿಸಿಕೊಂಡು ಬರುತ್ತಿದ್ದವು. ಸಂಜೆ ಮಳೆಗೆ ಕರೆಂಟ್ ಹೋಯಿತೆಂದರೆ ಎಲ್ಲಿಗೆ ತಲುಪಿದ್ದರೂ ಮತ್ತೆ ಮೊದಲಿಂದ. ಎಲ್ಲರೂ ಜಗುಲಿಗೆ ಬಂದು, ಯಾರು ಎಲ್ಲಿ ಸತ್ತರು ಅಂತ ಜಗಳ ಮಾಡುತ್ತಾ ಕೂರುತ್ತಿದ್ದೆವು. ಆ ಸಾಲಿನವರೆಲ್ಲ ಈಗ ಬೆಂಗಳೂರಲ್ಲಿ, ಅದರಾಚೆ. ಭಾವ ಒಬ್ಬರೇ ಆ ಮನೆಯಲ್ಲಿದ್ದಾರೆ.

ಇವತ್ತು ಬೆಳಿಗ್ಗೆ ವಾಪಸ್ ಕಳಿಸಲು ಕೂತೆ. ಕಾರಣ ಆರಿಸಬೇಕಂತೆ. 'ಬಣ್ಣ ಬೇರೆ', 'ಸೈಜ್ ಸರಿಯಿಲ್ಲ', 'ಮನಸ್ಸು ಬದಲಾಯಿತು'. ಬಲಕ್ಕೆ ಒತ್ತಿದರೆ ಕೆಳಗೂ ಹೋಗುತ್ತೆ ಅನ್ನೋದು ಇವುಗಳಲ್ಲಿ ಯಾವುದು? ಸೈಜ್ ಅಂತ ಹಾಕಿದೆ. ಮೊಳೆಯ ಸೈಜೇ ತಾನೆ?

ಈ ಸಲ ಏಟ್‌ಬಿಟ್‌ಡೂ ಥರದ ಒಳ್ಳೇ ಕಂಪನಿಯದ್ದೇ ತಗೊಳ್ಳುವುದು, ದುಡ್ಡು ಜಾಸ್ತಿಯಾದರೂ ಪರವಾಗಿಲ್ಲ. ಬಂದ ಕೂಡಲೇ ಕಾಂಟ್ರಾ ಹಾಕಿ, ಕೆಳಗೆ ಒತ್ತಿ ಹಿಡಿದು ಸೈನಿಕನನ್ನು ಮಲಗಿಸುವುದು. ಹೆಬ್ಬೆರಳನ್ನು ಅತ್ತಿತ್ತ ಸ್ವಲ್ಪ ಹೊರಳಿಸುವುದು. ಅವನು ಮಲಗೇ ಇದ್ದರೆ ಪ್ಯಾಡ್ ಪಾಸು, ಎದ್ದು ಓಡಿದರೆ ಫೇಲು.

"ಎರಡು ತರಿಸು," ಅಂದರು ಭಾವ ಕೊಡೆ ಹುಡುಕುತ್ತಾ. ಮಳೆ ಕೊಂಚ ಬಿಟ್ಟಿತ್ತು. "ಎರಡನೇ ರಿಮೋಟಿಗೆ ಸ್ಟಾರ್ಟ್ ಬಟನ್ ಇರಲ್ಲ, ಗೊತ್ತಲ್ಲ?"

ಅದು ಸೂಪರ್ ಫ್ಯಾಮಿಕಾಮ್‌ಗೂ ಮುಂಚಿನ ಫ್ಯಾಮಿಕಾಮ್‌ನಲ್ಲಿ ಭಾವ, ಈಗಿನ ಯುಎಸ್‌ಬಿ ಪ್ಯಾಡ್‌ಗಳು ಎರಡೂ ಒಂದೇ ಥರ, ಎರಡಕ್ಕೂ ಇರುತ್ತೆ ಅಂದೆ.

"ಇರಲಿ ಬಿಡು. ಮೊದಲನೇದು ನಂದು," ಅಂದವರೇ ಮೈಲುತುತ್ತದ ಚೀಲ ಹೆಗಲಿಗೇರಿಸಿದರು.