ಸಾಲದ ಜೊತೆ ಬಂದ ಸಮಿತಿ

ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕದ ಊರಿನಲ್ಲಿ ಲೇತ್ ಕೆಲಸ ಕಲಿಯುವ ಹುಡುಗರ ಅಂತಿಮ ಪರೀಕ್ಷೆಗೆ ಕಾರ್ಮಿಕರ ಕಡೆಯ ಪರೀಕ್ಷಕನಾಗಿ ಮೊದಲ ಸಲ ಕುಳಿತ ದಿನ ನನಗೊಂದು ಅಚ್ಚರಿ ಕಾದಿತ್ತು. ಹುಡುಗನೊಬ್ಬ ಕಡೆದ ಶಾಫ್ಟಿನ ಅಳತೆ 0.05 ಮಿಲಿಮೀಟರಿನಷ್ಟು ಹೆಚ್ಚಿತ್ತು. ಸಮಿತಿಯಲ್ಲಿದ್ದ ಕಾರ್ಖಾನೆ ಮಾಲೀಕರು ‘ಇರಲಿ ಬಿಡಿ’ ಎಂದರು. ನನ್ನ ಪಕ್ಕದ ಫಿಟ್ಟರ್ ಒಪ್ಪಲಿಲ್ಲ. ವೃತ್ತಿಶಾಲೆಯ ಮೇಷ್ಟ್ರು ಮೈಕ್ರೋಮೀಟರನ್ನು ಒರೆಸಿ, ಮತ್ತೊಮ್ಮೆ ಅಳೆದು, ಅಂಕ ಕಳೆದರು. ಮಾಲೀಕರ ಮುಖವನ್ನು ಯಾರೂ ನೋಡಲಿಲ್ಲ.

ಈ ಸಮಿತಿಯಲ್ಲಿ ಮಾಲೀಕರೂ ಕಾರ್ಮಿಕರೂ ಸಮಸಂಖ್ಯೆಯಲ್ಲಿ, ಜೊತೆಗೆ ಕನಿಷ್ಠ ಒಬ್ಬ ಶಿಕ್ಷಕರು ಇರಲೇಬೇಕೆಂಬುದು ಇಲ್ಲಿನ ಕಾಯ್ದೆ. ಶಾಲೆಯ ಶಿಕ್ಷಕರ ಸಂಬಳ ರಾಜ್ಯದ್ದು, ಕಟ್ಟಡ ಮತ್ತು ಯಂತ್ರಗಳ ಹೊಣೆ ಜಿಲ್ಲೆಯದು ಇಲ್ಲವೇ ನಗರಾಡಳಿತದ್ದು. ಯೋಜನೆಗಳು ಬರಲಿ, ಹೋಗಲಿ, ಸಮಿತಿ ಕೂರುತ್ತದೆ.

ನಮ್ಮೂರಿನ ಸರ್ಕಾರಿ ಐಟಿಐಯಲ್ಲಿ ಜೆಟಿಒ (ಕಿರಿಯ ತರಬೇತಿ ಅಧಿಕಾರಿ) ಆಗಿ ನಿವೃತ್ತರಾದ ಭಾವನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವರು ‘ನಮ್ಮಲ್ಲೂ ಸಮಿತಿ ಇತ್ತಲ್ಲೋ’ ಎಂದು ನಕ್ಕರು.

ಇತ್ತು, ನಿಜ. 2007-08ರಲ್ಲಿ ಕೇಂದ್ರ ಸರ್ಕಾರ 1,396 ಸರ್ಕಾರಿ ಐಟಿಐಗಳನ್ನು ಖಾಸಗಿ ಸಹಭಾಗಿತ್ವದಲ್ಲಿ ಮೇಲ್ದರ್ಜೆಗೇರಿಸಲು ಹೊರಟು, ಸಂಸ್ಥೆಯೊಂದಕ್ಕೆ 2.5 ಕೋಟಿ ರೂಪಾಯಿವರೆಗೆ ಬಡ್ಡಿಯಿಲ್ಲದ ಸಾಲ ಕೊಟ್ಟಾಗ, ಅದನ್ನು ಪಡೆಯಲು ಉದ್ಯಮಿಯೊಬ್ಬರು ಅಧ್ಯಕ್ಷರಾಗಿ ಪ್ರಾಂಶುಪಾಲರು ಸದಸ್ಯ ಕಾರ್ಯದರ್ಶಿಯಾಗಿರುವ ಐಎಂಸಿಯನ್ನು (ಸಂಸ್ಥೆಯ ಆಡಳಿತ ಸಮಿತಿ) ಸೊಸೈಟಿಯಾಗಿ ನೋಂದಾಯಿಸಬೇಕಿತ್ತು. ದುಡ್ಡಿಗೆ ಖಾತೆ ಬೇಕಿತ್ತು, ಖಾತೆಗೆ ಸಮಿತಿ ಬೇಕಾಯಿತು. ಭಾವನ ಸಂಸ್ಥೆಯ ಅಧ್ಯಕ್ಷರು ವರ್ಷಕ್ಕೊಮ್ಮೆ ಬಂದು, ನಡಾವಳಿ ಪುಸ್ತಕದಲ್ಲಿ ನಾಲ್ಕು ಸಭೆಗಳಿಗೆ ಒಟ್ಟಿಗೇ ಸಹಿ ಹಾಕಿ, ಗೋಡಂಬಿ ತಿಂದು ಹೋಗುತ್ತಿದ್ದರಂತೆ. ಯಾವ ಯಂತ್ರ ಹಳತಾಯಿತು, ಯಾವ ಟ್ರೇಡಿಗೆ ಹುಡುಗರು ಬರುತ್ತಿಲ್ಲ ಎಂದು ವರ್ಕ್‌ಶಾಪಿನಲ್ಲಿ ನಿಲ್ಲುವವರನ್ನು ಕೇಳಿದವರಿಲ್ಲ. ಸಾಲ ತೀರಿಸಲು ಇದ್ದ ಹತ್ತು ವರ್ಷಗಳ ವಿನಾಯಿತಿ ಮುಗಿದು, ಇಪ್ಪತ್ತು ವರ್ಷಗಳ ಕಂತು ಶುರುವಾದ ಮೇಲಂತೂ ಚರ್ಚೆಗೆ ಉಳಿದದ್ದು ಒಂದೇ ವಿಷಯ: ಈ ಸಲದ 12.5 ಲಕ್ಷ ಎಲ್ಲಿಂದ?

2025ರಲ್ಲಿ 60,000 ಕೋಟಿ ರೂಪಾಯಿಗಳ ಪಿಎಂ-ಸೇತು ಯೋಜನೆ ಬಂದಿದೆ, 1,000 ಐಟಿಐಗಳನ್ನು ಮೇಲ್ದರ್ಜೆಗೇರಿಸಲು. ಮತ್ತೆ ಉದ್ಯಮದ ಮುಂದಾಳತ್ವ, ಮತ್ತೆ ಹೊಸ ವ್ಯವಸ್ಥೆ. ಹಳೆಯ ನಡಾವಳಿ ಪುಸ್ತಕಗಳನ್ನು ಯಾರಾದರೂ ತೆರೆದು ನೋಡಿದರೋ ಇಲ್ಲವೋ ಎಂಬ ಅನುಮಾನ ನನಗಿದೆ.

ನಾನು ಕುಳಿತದ್ದು ಪರೀಕ್ಷಾ ಸಮಿತಿ, ಭಾವನದು ಆಡಳಿತ ಸಮಿತಿ; ತಕ್ಕಡಿ ಪೂರ್ತಿ ಸಮವಿಲ್ಲವೆಂದು ಒಪ್ಪುತ್ತೇನೆ. ಜರ್ಮನಿಯಲ್ಲೂ ಶಾಲೆಗಳಿಗೆ ಡಿಜಿಟಲ್ ಸೌಲಭ್ಯ ಒದಗಿಸಲು ಬಂದ 2019ರ ಡಿಜಿಟಲ್‌ಪಾಕ್ಟ್‌ನ 500 ಕೋಟಿ ಯೂರೋದಲ್ಲಿ ಪಾಲು ಪಡೆಯಲು ಶಾಲೆಗಳು ಕಂಪ್ಯೂಟರಿನಿಂದ ಹೇಗೆ ಕಲಿಸುತ್ತೇವೆಂದು ಮೊದಲು ಬರೆದುಕೊಡಬೇಕಿತ್ತು, ಪಾಠಕ್ಕಿಂತ ಅರ್ಜಿಯೇ ಹೆಚ್ಚಾಯಿತೆಂದು ಅದೇ ಮೇಷ್ಟ್ರು ಗೊಣಗಿದ್ದನ್ನು ಕೇಳಿದ್ದೇನೆ. ಇನ್ನೊಂದನ್ನು ಭಾವನೇ ಹೇಳಿದರು. ಸಾಲದ ಹಣವನ್ನು ಎಫ್‌ಡಿಯಲ್ಲಿಟ್ಟು, ಬಂದ ಬಡ್ಡಿಯಲ್ಲಿ ಐಎಂಸಿ ಅತಿಥಿ ಬೋಧಕರಿಗೆ ಸಂಬಳ ಕೊಟ್ಟಿತ್ತು. ವೆಲ್ಡಿಂಗ್ ರಾಡಿಗೂ ಇಂಡೆಂಟ್ ಬರೆದು ಇಲಾಖೆಯ ಉತ್ತರಕ್ಕೆ ಆರು ತಿಂಗಳು ಕಾಯುವುದು ತಪ್ಪಿತ್ತು. ‘ಆ ಎರಡು ವರ್ಷ ಹುಡುಗರಿಗೆ ರಾಡು ಸಾಲದು ಅಂತ ಆಗಲಿಲ್ಲ ಕಣೋ, ಅದನ್ನೂ ಬರಿ’ ಎಂದರು.