ಪಿಎಚ್‌ಡಿ ಪರೀಕ್ಷೆ ಯಾವಾಗ ಬರುತ್ತೆ ಅಕ್ಕ?

ಜುಲೈ ಕೊನೆಯ ವಾರ. ನಮ್ಮ ಕಡೆ ಮಳೆ ಹಿಡಿದರೆ ಹಿಡಿದದ್ದೇ. ಹೆಂಚಿನ ಮೇಲೆ ಬೀಳುವ ಸದ್ದಿಗೆ ನನ್ನ ದನಿ ಹಿಂದಿನ ಬೆಂಚಿಗೆ ಮುಟ್ಟುವುದೇ ಕಷ್ಟ. ಅಂಥ ಒಂದು ದಿನ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಶಾಲೆಗೆ ಬಂದಳು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚೀಲ. ಚೀಲದ ತುಂಬ ಕೊಳೆರೋಗ ಬಂದು ಉದುರಿದ ಹಸಿ ಅಡಿಕೆ.

"ತೋಟದಿಂದ ಸ್ಯಾಂಪಲ್ ತಗೊಂಡು ಹೋಗೋಕೆ ಬಂದಿದ್ದೆ ಮೇಡಂ. ನಿಮ್ಮನ್ನೂ ಮಾತಾಡಿಸಿಕೊಂಡು ಹೋಗೋಣ ಅಂತ" ಅಂದಳು.

ಅವಳು ಓದಿದ್ದು ಇದೇ ಸರ್ಕಾರಿ ಹೈಸ್ಕೂಲಿನಲ್ಲಿ, ಕನ್ನಡ ಮಾಧ್ಯಮದಲ್ಲಿ. ಆಮೇಲೆ ಪಿಯುಸಿ, ಬಿಎಸ್ಸಿ, ಎಂಎಸ್ಸಿ. ಈಗ ಪಿಎಚ್‌ಡಿಯ ನಾಲ್ಕನೇ ವರ್ಷ. ಗಿಡಗಳ ರೋಗದ ಮೇಲೆ ಕೆಲಸ ಮಾಡುತ್ತಿದ್ದಾಳೆ. ಹತ್ತು ನಿಮಿಷ ಒಂಬತ್ತನೇ ಕ್ಲಾಸಿನ ಮಕ್ಕಳ ಹತ್ತಿರ ಮಾತಾಡು ಅಂದೆ. ಹತ್ತು ನಿಮಿಷ ಅಂದದ್ದು ಎರಡು ಪೀರಿಯಡ್ ಆಯಿತು. ಗಣಿತದ ಮೇಷ್ಟ್ರು ತಮ್ಮ ಪೀರಿಯಡ್ ಬಿಟ್ಟುಕೊಟ್ಟು ತಾವೂ ಬಂದು ಹಿಂದೆ ಕೂತರು.

ಮೊದಲು ಕೈ ಎತ್ತಿದವನು ಕೊನೆಗಾರರೊಬ್ಬರ, ಅಂದರೆ ಅಡಿಕೆ ಮರ ಹತ್ತಿ ಕೆಲಸ ಮಾಡುವವರ ಮಗ. ಕ್ಲಾಸಿನಲ್ಲಿ ಬಾಯಿ ಬಿಡುವ ಹುಡುಗನಲ್ಲ. "ಅಕ್ಕ, ಪಿಎಚ್‌ಡಿ ಪರೀಕ್ಷೆ ಯಾವಾಗ ಬರುತ್ತೆ?" ಅಂತ ಕೇಳಿದ.

ಅವಳು ನಗಲಿಲ್ಲ. "ಒಳ್ಳೇ ಪ್ರಶ್ನೆ ಕಣೋ. ಶುರುವಿಗೆ ಒಂದೆರಡು ಪರೀಕ್ಷೆ ಇರುತ್ತೆ. ಆಮೇಲೆ ಯಾರೂ ಪ್ರಶ್ನೆಪತ್ರಿಕೆ ಕೊಡಲ್ಲ. ನಿನ್ನ ಪ್ರಶ್ನೆ ಏನು ಅಂತ ನೀನೇ ಹುಡುಕಬೇಕು. ನಂಗೆ ಅದಕ್ಕೇ ಒಂದೂವರೆ ವರ್ಷ ಬೇಕಾಯ್ತು" ಅಂದಳು.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹದಿನೆಂಟು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಪ್ರಶ್ನೆ ಹುಡುಕುವುದೇ ಒಂದು ಕೆಲಸ, ಅದಕ್ಕೂ ವರ್ಷಗಟ್ಟಲೆ ಹಿಡಿಯುತ್ತದೆ ಅಂತ ನಾನು ಒಂದು ದಿನವೂ ಹೇಳಿರಲಿಲ್ಲ. ನಮ್ಮ ಪಾಠದಲ್ಲಿ ಪ್ರಶ್ನೆಗಳು ಅಧ್ಯಾಯದ ಕೊನೆಗೆ ಅಚ್ಚಾಗಿಯೇ ಬಂದಿರುತ್ತವೆ.

ಆಮೇಲೆ ಅವಳು ಚೀಲದಿಂದ ಒಂದು ಕಾಯಿ ತೆಗೆದು ಮೇಜಿನ ಮೇಲಿಟ್ಟಳು. ನೀರು ಹೀರಿ ಕಪ್ಪಾದ ತೊಟ್ಟಿನ ಭಾಗ, ಮೇಲೆ ಬಿಳಿ ಅರಳೆಯಂಥದ್ದು. ಇದೇನು ಅಂತ ಕೇಳಬೇಕಾದ್ದೇ ಇಲ್ಲ, ಅಡಿಕೆ ಸೀಮೆಯ ಮಕ್ಕಳು. "ಕೊಳೆ!" ಅಂತ ಒಂದೇ ಸಲ ಕೂಗಿದರು. ಔಷಧಿಗೆ ಏನೇನು ಹಾಕ್ತಾರೆ ಅಂದಳು. ಮೈಲುತುತ್ತ, ಸುಣ್ಣ. ಎಷ್ಟೆಷ್ಟು? ಒಂದು ಕೆಜಿ, ಒಂದು ಕೆಜಿ, ನೂರು ಲೀಟರ್ ನೀರಿಗೆ. ಕ್ಲಾಸಿನ ಮುಕ್ಕಾಲು ಮಕ್ಕಳಿಗೆ ಅದು ಗೊತ್ತಿತ್ತು. ರಸಾಯನಶಾಸ್ತ್ರದ ಪಾಠದಲ್ಲಿ ತಾಮ್ರದ ಸಲ್ಫೇಟ್ ಅಂದರೆ ಏನು ಅಂತ ನಾನು ಕೇಳಿದಾಗ ಇದೇ ಮಕ್ಕಳು ತಲೆ ತಗ್ಗಿಸಿ ಕೂತಿದ್ದರು. ಮೈಲುತುತ್ತ ಅಂದರೂ ಅದೇ ಅಂತ ಆಗ ನಾನು ಹೇಳಿರಲಿಲ್ಲ.

ಈ ಔಷಧಿಗೆ ಬೋರ್ಡೋ ದ್ರಾವಣ ಅಂತ ಹೆಸರು, ಬೋರ್ಡೋ ಅನ್ನುವುದು ಫ್ರಾನ್ಸಿನ ಒಂದು ಊರು ಅಂತ ಅವಳು ಹೇಳಿದಳು. 1880ರ ದಶಕದಲ್ಲಿ ಆ ಕಡೆಯ ದ್ರಾಕ್ಷಿ ಬಳ್ಳಿಗೆ ಬಂದ ರೋಗಕ್ಕೆ ಕಂಡುಕೊಂಡ ಮದ್ದು ಇದು. ಅದು ನಮ್ಮ ಅಡಿಕೆ ಮರ ಹತ್ತಲು ಕಾರಣ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದವರು. ಮಲೆನಾಡಿನ ಮಳೆಯಲ್ಲಿ ಈ ರೋಗದ ಹಿಂದೆ ಬಿದ್ದರು. 1910ರಲ್ಲಿ ಇಂಗ್ಲಿಷಿನಲ್ಲಿ ಅದರ ವರದಿ ಬರೆದಾಗ ರೋಗದ ಹೆಸರನ್ನು ನಮ್ಮ ರೈತರ ಬಾಯಿಂದಲೇ ತೆಗೆದುಕೊಂಡು 'ಕೊಳೆರೋಗ' ಅಂತಲೇ ಇಟ್ಟರು. ಇದನ್ನು ಕೇಳಿ ಒಬ್ಬ ಹುಡುಗಿ "ನಮ್ಮ ಮಾತು ಇಂಗ್ಲಿಷ್ ಪುಸ್ತಕದಲ್ಲಿ ಇದೆಯಾ?" ಅಂದಳು. ಆ ಮುಖ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಇನ್ನೊಂದು ವಿಷಯ ಹೇಳಿದಳು. ಈ ರೋಗ ತರುವ ಜೀವಿಯ ಹೆಸರು ಫೈಟಾಫ್ಥೊರಾ. ಬಹಳ ಕಾಲ ಇದನ್ನು ಶಿಲೀಂಧ್ರ, ಅಂದರೆ ಅಣಬೆ ಮತ್ತು ಬೂಷ್ಟಿನ ಕುಲದ್ದು ಅಂತಲೇ ಪುಸ್ತಕಗಳಲ್ಲಿ ಬರೆಯುತ್ತಿದ್ದರು. ಕುಲ ಬಿಡಿಸಿ ನೋಡಿದಾಗ ಅದು ಅಣಬೆಗಿಂತ ಕಂದು ಪಾಚಿಗಳಿಗೆ ಹತ್ತಿರದ ನೆಂಟ ಅಂತ ಗೊತ್ತಾಯಿತು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ಕೊಳೆಸಿ ಜನರನ್ನು ಹಸಿವಿಗೆ ನೂಕಿದ್ದೂ ಇದರದೇ ದಾಯಾದಿ.

"ಹಾಗಾದ್ರೆ ಪುಸ್ತಕ ತಪ್ಪಾ ಅಕ್ಕ?"

"ಆಗ ಗೊತ್ತಿದ್ದಷ್ಟನ್ನ ಬರೆದಿದ್ರು. ನಾಳೆ ನಾನು ಬರೆದಿದ್ದನ್ನೂ ಯಾರೋ ತಿದ್ದಬಹುದು. ನೀನೇ ತಿದ್ದಬಹುದು."

ಆ ಹೊತ್ತಿಗೆ ಕೊನೆಗಾರರ ಮಗ ಮತ್ತೆ ಕೈ ಎತ್ತಿದ. ಅವನಪ್ಪ ಹೇಳುತ್ತಾರಂತೆ: ಕೊಳೆ ಮೊದಲು ಕಾಣುವುದು ಹಳ್ಳದ ಬದಿಯ ಸಾಲಿನಲ್ಲಿ, ಬಿಸಿಲು ಬೀಳದ ಕಡೆ. ಆಮೇಲೆ ಮೇಲಿನ ಸಾಲಿಗೆ ಬರುತ್ತದೆ. ಯಾವ ತೋಟದಲ್ಲಿ, ಎಷ್ಟನೇ ಸಾಲು, ಮಳೆ ಶುರುವಾದ ಎಷ್ಟು ದಿನಕ್ಕೆ ಅಂತೆಲ್ಲ ಹೇಳಿದ. ಅವಳು ಬ್ಯಾಗಿನಿಂದ ನೋಟ್‌ಬುಕ್ ತೆಗೆದು ನಿಂತಲ್ಲೇ ಬರೆದುಕೊಳ್ಳತೊಡಗಿದಳು. ತಾರೀಖು ಹಾಕಿದಳು. ಅವನ ಹೆಸರು ಕೇಳಿ ಬರೆದಳು. ಕ್ಲಾಸು ಸ್ತಬ್ಧ. ಅವನು ಹೇಳಿದ್ದನ್ನು ಅಲ್ಲಿಯವರೆಗೆ ಯಾರಾದರೂ ಬರೆದುಕೊಂಡಿದ್ದರಾ? ನಾನಂತೂ ಇಲ್ಲ.

ಈ ಬರಹ ಬರೆಯಲು ಕೂತದ್ದೇ ಆ ಒಂದು ನಿಮಿಷಕ್ಕಾಗಿ. ನಮ್ಮ ಮಕ್ಕಳಿಗೆ ವಿಜ್ಞಾನಿ ಅಂದರೆ ಗೋಡೆಯ ಮೇಲಿನ ಫೋಟೋ. ಡಾಕ್ಟರನ್ನು ನೋಡಿದ್ದಾರೆ, ಎಂಜಿನಿಯರನ್ನು ನೋಡಿದ್ದಾರೆ, ಬ್ಯಾಂಕಿನವರನ್ನು ನೋಡಿದ್ದಾರೆ. ಸಂಶೋಧನೆ ಮಾಡುವ ಒಬ್ಬ ಮನುಷ್ಯರನ್ನು ಎದುರಿಗೆ ಕೂರಿಸಿಕೊಂಡು, ತಮ್ಮ ಮಾತಿನಲ್ಲಿ, ಮನಸ್ಸಿಗೆ ಬಂದದ್ದನ್ನು ಕೇಳಿದ್ದಿಲ್ಲ. ಕಾಣದ ಕೆಲಸವನ್ನು ಮಗು ಹೇಗೆ ಆರಿಸಿಕೊಳ್ಳುತ್ತದೆ?

ಮಕ್ಕಳು ದುಡ್ಡಿನ ಬಗ್ಗೆಯೂ ಕೇಳಿದರು. ನನಗೆ ಒಂದು ಕ್ಷಣ ಮುಜುಗರವಾಯಿತು, ಅವಳಿಗೆ ಆಗಲಿಲ್ಲ. ಸಿಎಸ್‌ಐಆರ್ ನೆಟ್ ಅನ್ನುವ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ಮೂರನೇ ಸಲಕ್ಕೆ ಪಾಸಾಯಿತು ಅಂದಳು. ಜೆಆರ್‌ಎಫ್ ಅನ್ನುವ ಸಂಶೋಧನಾ ವೇತನ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಮನೆ ಬಾಡಿಗೆ ಭತ್ಯೆ ಬೇರೆ. ಇದು 2023ರ ಜನವರಿಯಿಂದ ಬಂದ ಲೆಕ್ಕ. ಅದಕ್ಕೂ ಮೊದಲು 31,000 ಇತ್ತು. ಸುಮ್ನೆ ಏರಿದ್ದಲ್ಲ, ದೇಶದ ಉದ್ದಗಲಕ್ಕೂ ಸಂಶೋಧನಾ ವಿದ್ಯಾರ್ಥಿಗಳು ಬೀದಿಗೆ ಬಂದು ಕೇಳಿದ ಮೇಲೆ ಏರಿದ್ದು. ಆ ದುಡ್ಡಾದರೂ ತಿಂಗಳು ತಿಂಗಳು ಬರುವುದಿಲ್ಲ. ಅವಳಿಗೆ ಒಮ್ಮೆ ಏಳು ತಿಂಗಳು ಬರಲಿಲ್ಲ. ಹಾಸ್ಟೆಲ್ ಮೆಸ್ಸಿನ ದುಡ್ಡನ್ನು ಅಣ್ಣ ಕಳಿಸಿದ. "ಅಣ್ಣ ಇಲ್ಲದಿದ್ರೆ ಬಿಟ್ಟು ಬರ್ತಿದ್ದೆ" ಅಂತ ಮಕ್ಕಳ ಎದುರೇ ಹೇಳಿದಳು. ಅಣ್ಣ ಇಲ್ಲದ ಎಷ್ಟು ಜನ ಬಿಟ್ಟು ಹೋಗಿರಬಹುದು ಅಂತ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ಸಂಬಳ ಏಳು ತಿಂಗಳು ತಡವಾದರೆ ನಾವು ಯಾರಾದರೂ ಸುಮ್ಮನೆ ಇರುತ್ತೇವಾ?

ಸೋತದ್ದನ್ನೂ ಹೇಳಿದಳು. ಲ್ಯಾಬಿನಲ್ಲಿ ಬೆಳೆಸುತ್ತಿದ್ದ ತಟ್ಟೆಗಳಿಗೆಲ್ಲ ಬೇರೆ ಬೂಷ್ಟು ಹತ್ತಿ ಐದು ತಿಂಗಳ ಕೆಲಸ ಕಸದ ಬುಟ್ಟಿಗೆ ಹೋಯಿತಂತೆ. "ಬೈದ್ರಾ ಅಕ್ಕ?" ಅಂತ ಮಕ್ಕಳು ಕೇಳಿದರು. "ಇಲ್ಲ, ನಮ್ಮ ಗೈಡ್ ಮತ್ತೆ ಮೊದಲಿಂದ ಮಾಡು ಅಂದ್ರು." ಪ್ರಯೋಗ ಮಾಡಿದ ಮೇಲೆ 'ಫಲಿತಾಂಶ' ಅಂತ ಒಂದು ಸಾಲು ಬರೆಯಲೇಬೇಕು, ಅದು ಪುಸ್ತಕದ ಹಾಗೇ ಇರಬೇಕು ಅಂತ ನಾವು ಕಲಿಸುತ್ತೇವೆ. ಬಾರದಿದ್ದರೆ ಮಕ್ಕಳು ಪಕ್ಕದವರದನ್ನು ನೋಡಿ ಬರೆಯುತ್ತಾರೆ. ಆ ದಿನದ ನಂತರ ನಾನು ಒಂದು ಬದಲಾವಣೆ ಮಾಡಿದ್ದೇನೆ. ಪ್ರಯೋಗ ಸರಿ ಬರದಿದ್ದರೆ ಬರಲಿಲ್ಲ ಅಂತಲೇ ಬರೆಯಿರಿ, ಯಾಕಿರಬಹುದು ಅಂತ ಎರಡು ಸಾಲು ಸೇರಿಸಿ, ಪೂರ್ತಿ ಮಾರ್ಕ್ಸ್ ಕೊಡುತ್ತೇನೆ ಅಂದಿದ್ದೇನೆ.

ಭಾಷೆಯ ಮಾತು ಬೇರೆಯೇ ಹೇಳಬೇಕು. ನಮ್ಮೂರಿಗೆ ಒಬ್ಬ ಹಿರಿಯರು ವಾಪಸ್ ಬಂದಿದ್ದಾರೆ. ಬೆಂಗಳೂರಿನ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ದುಡಿದವರು, ಈಗ ತೋಟ ನೋಡಿಕೊಂಡಿದ್ದಾರೆ. ಅವರ ಜಗುಲಿಯಲ್ಲಿ ಕೂತು ಎಷ್ಟೋ ಸಂಜೆ ಮಾತಾಡಿದ್ದೇನೆ. ಪಿಯುಸಿ ಮೊದಲ ತಿಂಗಳು ದಿನಾ ಬಸ್‌ಸ್ಟ್ಯಾಂಡಿನಲ್ಲಿ ಅತ್ತಿದ್ದರಂತೆ. ವೇಗೋತ್ಕರ್ಷ ಅಂದರೆ ಲೆಕ್ಕ ಬರುತ್ತಿತ್ತು, ಆಕ್ಸಿಲರೇಷನ್ ಅಂದರೆ ಕೈ ನಡುಗುತ್ತಿತ್ತು. ಕೊನೆಗೆ ಒಂದು ನೋಟ್‌ಬುಕ್ಕಿನಲ್ಲಿ ಎಡಕ್ಕೆ ಕನ್ನಡದ ಮಾತು, ಬಲಕ್ಕೆ ಇಂಗ್ಲಿಷಿನದು ಬರೆದುಕೊಂಡು ದಾಟಿದರು. "ವಿಷಯ ನಂಗೆ ಕನ್ನಡದಲ್ಲೇ ಅರ್ಥ ಆಗಿತ್ತಮ್ಮ. ಅದಕ್ಕೇ ದಾಟೋಕೆ ಆಯ್ತು" ಅಂತಾರೆ.

ರಸಾಯನ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರನ್ನೂ ಹೈಸ್ಕೂಲಿನಲ್ಲಿ ಅವರ ತಂದೆ ಬಸವನಗುಡಿಯ ಆಚಾರ್ಯ ಪಾಠಶಾಲೆಗೆ ಕನ್ನಡ ಮಾಧ್ಯಮಕ್ಕೆ ಹಾಕಿದ್ದರು. ಅವರ ಮನೆಯಲ್ಲಿ ಇಂಗ್ಲಿಷ್ ಆಡುತ್ತಿದ್ದರು, ನಮ್ಮ ಮಕ್ಕಳ ಮನೆಯಲ್ಲಿ ಆಡುವುದಿಲ್ಲ. ಆ ವ್ಯತ್ಯಾಸ ಸಣ್ಣದಲ್ಲ. ಹಾಗಾಗಿ ಕನ್ನಡವೊಂದೇ ಸಾಕು ಅಂತ ನಾನು ಹೇಳುವುದಿಲ್ಲ. ಎಂಟನೇ ಕ್ಲಾಸಿನಿಂದಲೇ ಎರಡೂ ಮಾತನ್ನು ಬೋರ್ಡಿನ ಮೇಲೆ ಪಕ್ಕಪಕ್ಕ ಬರೆಯುತ್ತೇನೆ. ದ್ಯುತಿಸಂಶ್ಲೇಷಣೆ, ಅದರ ಪಕ್ಕ ಫೋಟೋಸಿಂಥೆಸಿಸ್. ಅರ್ಥ ಮಾತ್ರ ಮಕ್ಕಳ ಮಾತಿನಲ್ಲೇ ಆಗಬೇಕು. ಮೈಲುತುತ್ತದಿಂದ ಶುರುವಾಗಲಿ, ಕಾಪರ್ ಸಲ್ಫೇಟ್ ತಾನಾಗಿ ಬರುತ್ತದೆ.

ಅಪ್ಪ ಅಮ್ಮಂದಿರ ಹತ್ತಿರ ಮಾತಾಡುವುದು ಇನ್ನೂ ಕಷ್ಟ. ನನ್ನ ಇನ್ನೊಬ್ಬ ವಿದ್ಯಾರ್ಥಿ ಪಿಯುಸಿಯಲ್ಲಿ ತುಂಬ ಒಳ್ಳೆ ಅಂಕ ತೆಗೆದು ಐಸರ್‌ಗೆ ಹೋಗುತ್ತೇನೆ ಅಂದ. ಅವನು ಓದಿದ ಕಾಲೇಜಿನವರೇ "ಇಷ್ಟು ಮಾರ್ಕ್ಸ್ ಇಟ್ಕೊಂಡು ಸೈನ್ಸ್ ಓದ್ತಾನಾ?" ಅಂತ ಮನೆಗೆ ಫೋನ್ ಮಾಡಿದ್ದರು. ಅವನ ತಂದೆ ರಾತ್ರಿ ಒಂಬತ್ತಕ್ಕೆ ನನಗೆ ಫೋನ್ ಮಾಡಿ "ಮೇಡಂ, ಇವನ ತಲೆಗೆ ಇದನ್ನ ತುಂಬಿದ್ದು ನೀವೇ ಅಲ್ವಾ?" ಅಂದರು. ಬೈಯಲು ಅಲ್ಲ, ಹೆದರಿ ಕೇಳಿದ್ದು. ಐಸರ್ ಅಂದರೆ ವಿಜ್ಞಾನದ ಓದು, ಸಂಶೋಧನೆಗಾಗಿ ಇರುವ ಕೇಂದ್ರ ಸರ್ಕಾರದ ಸಂಸ್ಥೆ, 2006ರಲ್ಲಿ ಪುಣೆ ಮತ್ತು ಕೋಲ್ಕತ್ತಾದಲ್ಲಿ ಶುರುವಾಗಿ ಈಗ ಏಳು ಕಡೆ ಇವೆ, ಹತ್ತಿರದವು ತಿರುಪತಿ, ಪುಣೆ ಮತ್ತು ತಿರುವನಂತಪುರ ಅಂತ ಹೇಳಿದೆ. ಬೋರ್ಡಿನಲ್ಲಿ ಮೇಲಿನ ಶೇ. 1ರೊಳಗೆ ಬಂದು ಮೂಲ ವಿಜ್ಞಾನ ಓದುವವರಿಗೆ ಇನ್‌ಸ್ಪೈರ್ ವಿದ್ಯಾರ್ಥಿವೇತನ ಇದೆ, ವರ್ಷಕ್ಕೆ 80,000 ಅಂದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಐಐಎಸ್‌ಸಿಯಲ್ಲೂ 2011ರಿಂದ ಪಿಯುಸಿ ಆದವರಿಗೆ ನಾಲ್ಕು ವರ್ಷದ ಕೋರ್ಸ್ ಇದೆ ಅಂದೆ. ಅವರು ಇದಾವುದನ್ನೂ ಕೇಳಿರಲಿಲ್ಲ. ಕೋಚಿಂಗ್ ಸೆಂಟರಿನ ಬೋರ್ಡು ಮಾತ್ರ ಊರಿನ ನಾಲ್ಕೂ ದಿಕ್ಕಿಗಿದೆ.

ಆದರೆ ಅವರಿಗೆ ಇನ್ನರ್ಧ ಸತ್ಯವನ್ನೂ ಹೇಳಿದೆ. ಕಾಯಂ ಕೆಲಸ ಸಿಗುವಷ್ಟರಲ್ಲಿ ಮೂವತ್ತು ದಾಟಬಹುದು. ಪಿಎಚ್‌ಡಿ ಮಾಡಿದವರಿಗೆಲ್ಲ ಪ್ರೊಫೆಸರ್ ಕೆಲಸ ಇಲ್ಲ. ಔಷಧಿ ಕಂಪನಿ, ಬೀಜದ ಕಂಪನಿ, ಪೇಟೆಂಟ್ ಕಚೇರಿ, ಹವಾಮಾನ ಇಲಾಖೆ, ಮೇಷ್ಟ್ರ ಕೆಲಸ ಹೀಗೆ ದಾರಿಗಳು ಬೇರೆ ಇವೆ. ಸಾಲ ಇರುವ ಮನೆಗೆ ಇಷ್ಟು ವರ್ಷ ಕಾಯುವುದು ಹಗುರವಲ್ಲ. ಅದನ್ನು ಮುಚ್ಚಿಟ್ಟು ಮಕ್ಕಳನ್ನು ವಿಜ್ಞಾನಕ್ಕೆ ಕರೆಯುವುದು ಮೋಸ ಅಂತಲೇ ನನ್ನ ಅಭಿಪ್ರಾಯ. ಎಲ್ಲ ಕೇಳಿದ ಮೇಲೆ ಅವರು ಒಂದು ವಾರ ಯೋಚಿಸಿ ಒಪ್ಪಿದರು. ಹುಡುಗ ಈಗ ಮೂರನೇ ವರ್ಷ.

ಹೆಣ್ಣುಮಕ್ಕಳಿಗಾದರೆ ಇದರ ಮೇಲೆ ಇನ್ನೊಂದು ಪ್ರಶ್ನೆ, ಮದುವೆ ಯಾವಾಗ? ಅವತ್ತು ಕ್ಲಾಸಿನಲ್ಲಿ ಒಬ್ಬಳು ಕೇಳಿಯೇ ಬಿಟ್ಟಳು. ಅದಕ್ಕೆ ನನ್ನ ಹಳೆಯ ವಿದ್ಯಾರ್ಥಿನಿ ಜೀವರಸಾಯನ ವಿಜ್ಞಾನಿ ಕಮಲಾ ಸೊಹೊನಿ ಅವರ ಕಥೆ ಹೇಳಿದಳು. 1933ರಲ್ಲಿ ನಮ್ಮ ಬೆಂಗಳೂರಿನ ಐಐಎಸ್‌ಸಿಗೆ ಅರ್ಜಿ ಹಾಕಿದಾಗ ಹೆಣ್ಣು ಅನ್ನುವ ಕಾರಣಕ್ಕೆ ಸಿ.ವಿ. ರಾಮನ್ ಬೇಡ ಅಂದಿದ್ದರು. ಆಕೆ ಜಾಗ ಬಿಟ್ಟು ಕದಲಲಿಲ್ಲ. ಕೊನೆಗೆ ಮೊದಲ ವರ್ಷ ಕೆಲಸ ನೋಡಿ ಆಮೇಲೆ ತೀರ್ಮಾನ ಅಂತ ಸೇರಿಸಿಕೊಂಡರು. 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್‌ಡಿ ಪಡೆದರು. ಕಥೆ ಮುಗಿಸಿ "ನಮ್ಮನೇಲೂ ಕೇಳ್ತಾರೆ. ಥೀಸಿಸ್ ಮುಗೀಲಿ ಅಂತೀನಿ" ಅಂದಳು.

ಬೆಂಗಳೂರಿನ ಮಕ್ಕಳಿಗೆ ಇಂಥ ಮಾತು ಕೇಳುವ ಜಾಗಗಳು ಮೊದಲಿಂದಲೂ ಇವೆ. ಎಚ್. ನರಸಿಂಹಯ್ಯನವರು 1962ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ ವಾರವಾರ ಉಪನ್ಯಾಸ ಏರ್ಪಡಿಸಿದರು, ಯಾರು ಬೇಕಾದರೂ ಬಂದು ಕೂರಬಹುದಿತ್ತು. ಐಐಎಸ್‌ಸಿಯ ಓಪನ್ ಡೇ ಇದೆ. ನಾವೂ ಒಮ್ಮೆ ರಾತ್ರಿ ಬಸ್ಸಿನಲ್ಲಿ ಮೂವತ್ತೆರಡು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ದ್ರವ ಸಾರಜನಕದಲ್ಲಿ ಅದ್ದಿದ ಹೂವು ಗಾಜಿನ ಹಾಗೆ ಪುಡಿಯಾದದ್ದನ್ನು ನೋಡಿ ಕಿರುಚಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ಮಾತಾಡಿದ್ದು ಮಾತ್ರ, ಒಂದು ಲ್ಯಾಬಿನಲ್ಲಿ "ನಾನೂ ಹಾಸನದ ಕಡೆಯವಳು, ಬನ್ರೋ" ಅಂತ ಕರೆದ ಅಕ್ಕನ ಬಗ್ಗೆ.

ಅದಕ್ಕೇ ಕೇಳುತ್ತಿದ್ದೇನೆ. ಪಿಎಚ್‌ಡಿ ಮಾಡುತ್ತಿರುವವರು, ಪ್ರಯೋಗಾಲಯದಲ್ಲಿ ಇರುವವರು, ಪಿಎಚ್‌ಡಿ ಮುಗಿಸಿ ವಿದೇಶದಲ್ಲಿ ಪೋಸ್ಟ್‌ಡಾಕ್ ಸಂಶೋಧನೆ ಮಾಡುತ್ತಿರುವವರು ಇದನ್ನು ಓದುತ್ತಿದ್ದರೆ, ಊರಿಗೆ ಬಂದಾಗ ನೀವು ಓದಿದ ಶಾಲೆಗೆ ಒಂದು ಗಂಟೆ ಹೋಗಿ. ಸ್ಲೈಡ್ ಬೇಡ. ನಮ್ಮಲ್ಲಿ ಅರ್ಧ ದಿನ ಕರೆಂಟೂ ಇರುವುದಿಲ್ಲ. ಕೈಯಲ್ಲಿ ಹಿಡಿದು ತೋರಿಸುವಂಥದ್ದು ಒಂದು ತನ್ನಿ. ಬೆಳಗ್ಗೆ ಎದ್ದು ಸಂಜೆವರೆಗೆ ಏನು ಮಾಡುತ್ತೀರಿ ಅಂತ ಹೇಳಿ. ಸಂಬಳ ಹೇಳಿ, ಸೋತದ್ದು ಹೇಳಿ. ನೋಟ್‌ಬುಕ್ ಮರೆಯಬೇಡಿ. ಮೇಷ್ಟ್ರುಗಳೇ, ನೀವೂ ಅವರಿಗೆ ಫೋನ್ ಮಾಡಿ ಕರೆಯಿರಿ. ಹಾರ ತುರಾಯಿ ಏನೂ ಬೇಡ.

ಆ ಹುಡುಗ ಈಗ ಎರಡು ಮರಗಳನ್ನು ನೋಡುತ್ತಿದ್ದಾನೆ. ಹಳ್ಳದ ಬದಿಯದ್ದು ಒಂದು, ಮೇಲಿನ ಸಾಲಿನದ್ದು ಒಂದು. ಎರಡರಲ್ಲೂ ಒಂದು ಅಡಿಕೆ ಗೊನೆಗೆ ಅಪ್ಪನಿಂದ ಕೊಟ್ಟೆ, ಅಂದರೆ ಮಳೆ ತಾಗದ ಹಾಗೆ ಹೊದಿಕೆ, ಕಟ್ಟಿಸಿದ್ದಾನೆ, ಇನ್ನೊಂದನ್ನು ಹಾಗೇ ಬಿಟ್ಟಿದ್ದಾನೆ. ದಿನಾ ಬೆಳಗ್ಗೆ ಕೆಳಗೆ ಉದುರಿದ ಕಾಯಿ ಎಣಿಸಿ, ಮಳೆ ಎಷ್ಟು ಬಂತು ಅಂತ ಒಂದು ಡಬ್ಬಿಯಲ್ಲಿ ಅಳೆದು, ತಾರೀಖು ಹಾಕಿ ಬರೆಯುತ್ತಾನೆ. ಮೊನ್ನೆ ನನ್ನ ಫೋನಿನಿಂದ ಆ ಪುಟದ ಫೋಟೋ ಅವಳಿಗೆ ಕಳಿಸಿದೆವು. ರಾತ್ರಿ ಹತ್ತೂವರೆಗೆ ಅವಳ ಧ್ವನಿ ಸಂದೇಶ ಬಂತು. ಮರುದಿನ ಪ್ರಾರ್ಥನೆ ಮುಗಿದ ಮೇಲೆ ಅವನಿಗೆ ಕೇಳಿಸಿದೆ.

"ಹನ್ನೊಂದನೇ ತಾರೀಖು ಮಳೆ ಕಮ್ಮಿ ಇದೆ, ಆದ್ರೂ ಕಾಯಿ ಜಾಸ್ತಿ ಉದುರಿದೆ. ಅದರ ಹಿಂದಿನ ಮೂರು ದಿನ ಬಿಸಿಲು ಬಂದಿತ್ತೇನೋ? ಅಪ್ಪನ್ನ ಕೇಳಿ ನಂಗೆ ಹೇಳ್ತೀಯಾ?"

ಅವನು ಫೋನನ್ನು ಮತ್ತೊಂದು ಸಲ ಕಿವಿಗೆ ಹಿಡಿದು ಕೇಳಿದ. ಆಮೇಲೆ ನೋಟ್‌ಬುಕ್ ತೆಗೆದು ಅವಳ ಪ್ರಶ್ನೆಯನ್ನು ಬರೆದುಕೊಂಡ.